ಒಗೆಯುವ ಕಲ್ಲಿನ ಮೇಲಿಟ್ಟ ಚಹಾ

ಕುಡಿಯಲೆಂದು ಕೊಟ್ಟ ಚಹಾವನ್ನು ಹೊನ್ನೂರಪ್ಪ ಹಿತ್ತಲಿನ ಒಗೆಯುವ ಕಲ್ಲಿನ ಮೇಲಿಟ್ಟು ಮರ ಹತ್ತಿದರು. ಆ ಕಲ್ಲಿನ ನೇರ ಮೇಲೆ, ಹಿಂದಿನ ದಿನದ ಬಿರುಗಾಳಿಗೆ ಸೀಳಿದ್ದ ಬೇವಿನ ದಪ್ಪ ಕೊಂಬೆ ನಮ್ಮ ಅಡುಗೆಮನೆಯ ಶೀಟಿಗೆ ತಾಗುವಂತೆ ತೂಗುತ್ತಿತ್ತು. ಅದನ್ನು ಇಳಿಸಲೆಂದೇ ಎಮ್ಮಿಗನೂರಿನಿಂದ ಅವರನ್ನು ಕರೆಸಿದ್ದೆವು.

“ಲೋಟ ತಗೀರಿ, ಇದೇನು ಹುಡುಗಾಟ?” ಎಂದು ರೇಗಿದೆ.

“ಇರ್ಲಿ ಬಿಡ್ರಿ ಅಕ್ಕಾರ. ಟೊಂಗಿ ಇಳೀಬೇಕು, ಚಾ ಚೆಲ್ಲಬಾರ್ದು. ಅದ ನನ್ನ ಆಟ,” ಎಂದು ಮೇಲಿನಿಂದ ನಕ್ಕರು.

ಕೆಳಗೆ ಅವರ ತಮ್ಮ, ಕೊಂಬೆಗೆ ಕಟ್ಟಿದ ಹಗ್ಗವನ್ನು ಬುಡಕ್ಕೆ ಸುತ್ತಿ ಬಿಗಿಹಿಡಿದಿದ್ದ. ಗರಗಸ ಅರ್ಧ ಇಳಿಯುವಷ್ಟರಲ್ಲೇ ಚಟಾರನೆ ಸದ್ದಾಯಿತು. ಹಗ್ಗ ಗೇಣುದ್ದ ಜಾರಿ, ಇಡೀ ಕೊಂಬೆ ಶೀಟಿನತ್ತ ವಾಲಿತು.

“ಬಿಡಬ್ಯಾಡಲೇ! ಸಾವಕಾಶ!” ಎಂದು ಹೊನ್ನೂರಪ್ಪ ಕೂಗಿದ್ದಷ್ಟೇ ಕೇಳಿಸಿತು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ತೆರೆದಾಗ ಕೊಂಬೆ ಕಲ್ಲಿನ ಪಕ್ಕದಲ್ಲಿ ಮಲಗಿತ್ತು. ಚಹಾದಲ್ಲಿ ಎರಡು ಬೇವಿನೆಲೆ ತೇಲುತ್ತಿದ್ದವು. ಒಂದು ಹನಿಯೂ ಚೆಲ್ಲಿರಲಿಲ್ಲ.

ಹೊನ್ನೂರಪ್ಪ ಇಳಿದು ಬಂದು ಲೋಟ ಎತ್ತಿಕೊಂಡರು. ಆಗ ಅವರ ಕೈ ಎಷ್ಟು ನಡುಗಿತೆಂದರೆ, ಅರ್ಧ ಚಹಾ ಅಂಗಿಯ ಮೇಲೆಯೇ ಚೆಲ್ಲಿತು.

“ಮ್ಯಾಲಿದ್ದಾಗ ಲೋಟ ನೋಡ್ಕೋಂತ ಇದ್ರ ಅಂಜಿಕಿ ಮರೀತೈತ್ರಿ,” ಎಂದರು ಮೆಲ್ಲಗೆ. “ಕೆಳಗ ಬಂದ ಮ್ಯಾಲ ಎಲ್ಲಾ ಒಮ್ಮೆಗೇ ಬರ್ತೈತಿ.”

ಹುಡುಗಾಟ ಎಂದು ರೇಗಿದ್ದ ನಾನೇ ಒಳಗೆ ಹೋಗಿ ಮತ್ತೆ ಚಹಾ ತಂದೆ. ಈ ಸಲ ಲೋಟವನ್ನು ಅರ್ಧ ಮಾತ್ರ ತುಂಬಿಸಿದ್ದೆ.