ಹೆತ್ತೆಗೆ ಬಿಡದ ಹೋರಿ

ನಮ್ಮ ಹಟ್ಟಿಯಲ್ಲಿ ಮನೆಯಲ್ಲಿ ಹುಟ್ಟಿದ ಹೋರಿಯನ್ನು ಕಡಿಯುವವರಿಗೆ ಮಾರುವುದಿಲ್ಲ. ಸಾಕಲಾಗದಿದ್ದರೆ ಹೆತ್ತೆಯ ಗುಡಿಯ ದನಗಳ ಹಿಂಡಿಗೆ ಬಿಟ್ಟುಬರುತ್ತೇವೆ. ಹೆತ್ತೆ ನಮ್ಮೆಲ್ಲರ ಮೂಲದಮ್ಮ.

ಆ ಹೋರಿಯ ತಾಯಿ ನಮ್ಮ ಕಡೆಯಲ್ಲೇ ಹೆಚ್ಚು ಹಾಲು ಕೊಡುವ ಹಸು. ತಳಿಗೆ ಹೋರಿ ಆರಿಸುವವರು ಬಂದು ಅದರ ಹಾಲು ಅಳೆದರು, ಹೋರಿಯ ಕಾಲು, ಬೆನ್ನು, ವೃಷಣ ನೋಡಿದರು. ರಕ್ತದಲ್ಲಿ ರೋಗವಿಲ್ಲದಿದ್ದರೆ ವೀರ್ಯ ಕೇಂದ್ರಕ್ಕೆ ಒಯ್ಯುತ್ತೇವೆ ಎಂದರು. ಅಷ್ಟರಲ್ಲಿ ನನ್ನ ಗಂಡನನ್ನು ಕೊಯಮತ್ತೂರಿನ ಆಸ್ಪತ್ರೆಯವರು ಇನ್ನು ಮಾಡುವುದೇನಿಲ್ಲ ಎಂದು ಮನೆಗೆ ಕಳಿಸಿಬಿಟ್ಟಿದ್ದರು.

"ನನ್ನ ರಕ್ತ ಒಂದು ಟೆಸ್ಟಲ್ಲೂ ಪಾಸಾಗಲಿಲ್ಲೆ. ಇವನಾದರೂ ಆಗಲಿ," ಎಂದು ಗಂಡ ನಕ್ಕರು. ಆಮೇಲೆ, "ಅವರು ಬ್ಯಾಡಾಂದರೆ ಹೆತ್ತೆಗೆ ಬಿಡು. ಹರಕೆ ಹೊತ್ತಿದ್ದೀನಿ," ಎಂದರು.

ಗಂಡ ತೀರಿಹೋದ ಮೇಲೆ ಹೋರಿಯ ರಕ್ತದ ಫಲಿತಾಂಶ ಬಂತು. ದನದ ಡಾಕ್ಟರು ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಹೇಳಿದರು: "ಹಸು ಕಂದು ಹಾಕುವ ರೋಗ ಇದೆ ಅಮ್ಮಾ. ಎರಡು ಸಲ ನೋಡಿದೆವು. ಇದು ಹಾರಿದ ಹಸುಗಳಿಗೆಲ್ಲ ತಿಂಗಳು ತುಂಬುವ ಮೊದಲೇ ಕರು ಬೀಳಬಹುದು. ಮನುಷ್ಯರಿಗೂ ಅಂಟುತ್ತದೆ."

ಗಂಡನ ಅಣ್ಣ ಆಗಲೇ ಹಗ್ಗ ಹಿಡಿದು ಬಂದಿದ್ದರು.

"ಹೆತ್ತೆ ನೋಡಿಕೊಳ್ತಾಳೆ. ನಡಿ ಅಮ್ಮಿ."

"ಹಿಂಡಲ್ಲಿ ಗಬ್ಬದ ಹಸು ಇದಾವೆ, ಭಾವ."

"ಸತ್ತವನ ಮಾತಿಗಿಂತ ಊಸಿ ಚುಚ್ಚುವ ಡಾಕ್ಟರ ಮಾತು ದೊಡ್ಡದಾಯ್ತಾ?"

ಹರಕೆ ಹೊತ್ತವರು ಈ ರೋಗದ ಸುದ್ದಿ ಕೇಳದೆಯೇ ಹೋಗಿದ್ದರು. ಕೇಳಿದ್ದರೆ ಏನೆನ್ನುತ್ತಿದ್ದರು ಎಂದು ಇವತ್ತಿಗೂ ನನಗೆ ಖಚಿತವಿಲ್ಲ. ಹರಕೆಯ ವಿಷಯದಲ್ಲಿ ಅವರು ಹಟದ ಮನುಷ್ಯ. ಆದರೆ ಗಬ್ಬದ ಹಸು ಜಾರಿ ಬಿದ್ದರೆ ಅನ್ನ ಬಿಟ್ಟು ಓಡುತ್ತಿದ್ದವರೂ ಅವರೇ.

"ಹಗ್ಗ ಕೊಡಿ, ಭಾವ. ಇವನು ಎಲ್ಲಿಗೂ ಹೋಗೋದಿಲ್ಲೆ," ಎಂದೆ. ಅವರು ಹಗ್ಗವನ್ನು ನೆಲಕ್ಕೆ ಹಾಕಿ ಹೋದರು.

ಈ ರೋಗಕ್ಕೆ ಮದ್ದಿಲ್ಲ, ಸೂಜಿ ಹಾಕಿ ಕೊಂದು ಹೂಳುವುದೊಂದೇ ದಾರಿ ಎಂದು ಡಾಕ್ಟರು ಹೇಳಿದಾಗ ಒಪ್ಪಿದೆ. ಟೀ ಗಿಡಗಳ ಕೆಳಗೆ, ತೊರೆಯಿಂದ ದೂರದಲ್ಲಿ, ಕೂಲಿಯವರು ಆಳವಾಗಿ ಗುಂಡಿ ತೋಡಿದರು. ಅರವಂಕಾಡಿನಿಂದ ಸುಣ್ಣದ ಮೂಟೆಗಳು ಬಂದವು. ಡಾಕ್ಟರು ನನಗೆ ಮನೆಯೊಳಗೆ ಹೋಗಲು ಹೇಳಿದರು. ಆದರೆ ಬೇರೆಯವರು ಹಿಡಿದರೆ ಹೋರಿ ಕೊಸರಾಡುತ್ತಿತ್ತು. ಗಂಡನ ಹಳೆಯ ಕಂಬಳಿ ಹೊದ್ದು ನಾನೇ ಹಿಡಿದೆ. ಆ ವಾಸನೆಗೆ ಅದು ಸುಮ್ಮನಾಯಿತು, ಕಂಬಳಿಯ ಅಂಚನ್ನು ಬಾಯಿಗೆ ತೆಗೆದುಕೊಂಡು ಚೀಪತೊಡಗಿತು. ಸೂಜಿ ಹಾಕಿದ ಮೇಲೂ ಸ್ವಲ್ಪ ಹೊತ್ತು ಚೀಪುತ್ತಲೇ ಇತ್ತು.

ಆ ವರ್ಷ ಹೆತ್ತೆಯ ಹಬ್ಬಕ್ಕೆ ನಾನು ಹೋಗಲಿಲ್ಲ. ಗುಡಿಯ ಹಿಂಡಿನಲ್ಲಿ ತಿಂಗಳು ತುಂಬಿ ಕರುಗಳು ಹುಟ್ಟಿವೆ ಎಂದು ಯಾರೋ ಹೇಳಿದರು. ಭಾವ ಇನ್ನೂ ನನ್ನ ಮನೆಯ ನೀರು ಕುಡಿಯುವುದಿಲ್ಲ.