ಹಕೀಂ ಮಾಡಿದ ಹಿತ್ತಾಳೆಯ ಕೊಳವೆ

ಕಾಪುವಿನ ದಿನಸಿ ವ್ಯಾಪಾರಿ ಮೂಸಾ ಅವರ ಮಗ ಅಬ್ದುಲ್ ಹಕೀಂ ಮಣಿಪಾಲದಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಮುಗಿಸಿದಾಗ ಅಕ್ಕನ ಗಂಡ ಸೌದಿಯ ದಮ್ಮಾಮಿನಿಂದ ವೀಸಾ ಹಿಡಿದುಕೊಂಡೇ ಬಂದಿದ್ದರು. ಹಕೀಂ ಒಲ್ಲೆನೆಂದ. ಅವನ ಪ್ರೊಫೆಸರ್ ಬ್ಯಾಪ್ಟಿಸ್ಟರಿಗೆ ಸರಕಾರದ ರೇಡಾರ್ ಪ್ರಯೋಗಾಲಯದಿಂದ ಕೆಲಸವೊಂದು ಬಂದಿತ್ತು. ೧೯೮೩ರಲ್ಲಿ ಅದಕ್ಕೆ ಸಹಾಯಕನಾಗಿ ಸೇರಿಕೊಂಡ.

ರೇಡಾರಿಗೆ ಬೇಕಾದಷ್ಟು ಎತ್ತರದ ಆವರ್ತನದಲ್ಲಿ ಒಂದು ಆಂಪ್ಲಿಫಯರ್ ಕೊಡುವ ಶಕ್ತಿ ಚೂರೇ ಚೂರು. ಅಂಥ ನಾಲ್ಕರ ಶಕ್ತಿಯನ್ನು ವೇವ್‌ಗೈಡ್ ಎಂಬ ಹಿತ್ತಾಳೆಯ ಚಪ್ಪಟೆ ಕೊಳವೆಯೊಳಗೆ ಕೂಡಿಸಿ ಒಂದೇ ಬಾಯಿಯಿಂದ ಹೊರಗೆ ಬಿಡಬೇಕು. ಅಲೆಗಳ ಏರಿಳಿತ ಹೊಂದದಿದ್ದರೆ ಒಂದು ಇನ್ನೊಂದನ್ನು ಅಳಿಸಿಬಿಡುತ್ತದೆ. ಹಕೀಂ ಲೆಕ್ಕ ಹಾಕಿ, ನಕ್ಷೆ ಬರೆದು, ಕಾರ್ಕಳದ ವರ್ಕ್‌ಶಾಪಿನಲ್ಲಿ ಹಿತ್ತಾಳೆ ಕೊರೆಸಿ ತರುತ್ತಿದ್ದ. ಮೊದಲನೆಯದರಲ್ಲಿ ಅರ್ಧ ಶಕ್ತಿ ಬಿಸಿಯಾಗಿ ಹೋಯಿತು. ಮುಂದಿನದರಲ್ಲಿ ಒಂದು ಆಂಪ್ಲಿಫಯರ್ ಕೆಟ್ಟದ್ದೇ ತಡ, ಉಳಿದವೂ ಸುಟ್ಟುಹೋದವು. ಎರಡು ವರ್ಷ ಹೀಗೇ ಸಾಗಿತು. ಕೊನೆಗೆ ಕವಲು ಕೂಡುವ ಜಾಗದಲ್ಲಿ, ತಿರುಗಿ ಬರುವ ಅಲೆಯನ್ನು ಹೀರಿಕೊಳ್ಳುವ ಸಣ್ಣ ತುಂಡೊಂದನ್ನು ಕೂರಿಸಿದ. ಒಂದು ಆಂಪ್ಲಿಫಯರನ್ನು ಬೇಕೆಂದೇ ನಿಲ್ಲಿಸಿ ನೋಡಿದರು. ಉಳಿದ ಮೂರಕ್ಕೆ ಏನೂ ಆಗಲಿಲ್ಲ.

“ಇದು ನಿನ್ನದೇ ಕೆಲಸ ಮಾರಾಯ,” ಎಂದರು ಬ್ಯಾಪ್ಟಿಸ್ಟ್.

ಪೂರ್ಣ ಶಕ್ತಿಯ ಪರೀಕ್ಷೆ ಪ್ರಯೋಗಾಲಯದಲ್ಲೇ ನಡೆಯಬೇಕಿತ್ತು. ಬೆಸುಗೆ ಹಾಕಲು ಕಾಲೇಜಿನ ಲ್ಯಾಬಿನ ಮೆಕ್ಯಾನಿಕ್ ಶೇಖರನೂ ಜೊತೆಗೆ ಹೋದ. ಗೇಟಿನಲ್ಲಿ ಹೆಸರು ಓದಿದ ಅಧಿಕಾರಿ ಹಕೀಮನನ್ನು ತಡೆದ.

“ಇವರ ಪೊಲೀಸ್ ವರದಿ ಬಂದಿಲ್ಲ.”

ಶೇಖರನದ್ದು ಬಂದಿತ್ತು. ಹಕೀಂ ಕೊಳವೆಯಿದ್ದ ಪೆಟ್ಟಿಗೆಯನ್ನು ಅವನ ಕೈಗೆ ಕೊಟ್ಟು ಎದುರಿನ ಚಹಾದಂಗಡಿಯಲ್ಲಿ ಕುಳಿತ.

ಸಂಜೆ ಬ್ಯಾಪ್ಟಿಸ್ಟ್ ನಗುತ್ತ ಬಂದರು. “ಚೆನ್ನಾಗಿ ಆಯಿತು, ಹಕೀಂ.”

“ಎಷ್ಟು ಶಕ್ತಿ ಬಂತು ಸರ್? ಬಿಸಿ ಏರಿತಾ?”

ಅವರ ನಗು ಇಳಿಯಿತು. “ಅದನ್ನು ಹೊರಗಿನವರಿಗೆ ಹೇಳುವ ಹಾಗಿಲ್ಲ. ಸಹಿ ಹಾಕಿಸಿಕೊಂಡಿದ್ದಾರೆ.”

ಶೇಖರ ಚಪ್ಪಲಿಯ ಬಾರು ಸರಿಮಾಡುತ್ತ ಬಗ್ಗಿಯೇ ಇದ್ದ.

ಹಕೀಂ ವರದಿಗಾಗಿ ಉಡುಪಿಯ ಪೊಲೀಸ್ ಕಚೇರಿಗೆ ಅಲೆದ. “ಬರುತ್ತದೆ, ಅವಸರ ಎಂತ?” ಎನ್ನುತ್ತಿದ್ದರು. ಅಷ್ಟರಲ್ಲಿ ಅವನ ನಕ್ಷೆಗಳೂ ಪ್ರಯೋಗಾಲಯದ ಪಾಲಾದವು. ಕೆಲಸ ಬಿಟ್ಟು ಕಟಪಾಡಿಯಲ್ಲಿ ಟಿವಿ ರಿಪೇರಿ ಅಂಗಡಿ ಹಾಕಿದ.

ಕೆಲವು ವರ್ಷಗಳ ನಂತರ ಬ್ಯಾಪ್ಟಿಸ್ಟ್ ಅಂಗಡಿಗೆ ಬಂದರು. ಈಗ ಎಂಟು ಆಂಪ್ಲಿಫಯರುಗಳನ್ನು ಕೂಡಿಸಬೇಕಿತ್ತು. ಪ್ರತಿ ಸಲವೂ ಕೊಳವೆಯ ಒಂದೇ ಮೂಲೆ ಸುಟ್ಟುಹೋಗುತ್ತಿತ್ತು. “ಒಮ್ಮೆ ಬಂದು ನೋಡು ಮಾರಾಯ.”

“ನನ್ನ ವರದಿ ಬಂತಾ ಸರ್?”

“ಕಾಲೇಜಿನಲ್ಲಿ ಕೂತು ಮಾಡುವುದಕ್ಕೆ ಅದು ಬೇಡವಲ್ಲ.”

ಹಕೀಂ ಅವರಿಗೆ ಚಹಾ ತರಿಸಿ, ಬಸ್ಸಿನವರೆಗೆ ಹೋಗಿ ಬೀಳ್ಕೊಟ್ಟ. ತಪ್ಪು ಎಲ್ಲಿದೆಯೆಂದು ಅವರು ಮಾತು ಮುಗಿಸುವ ಮೊದಲೇ ಅವನಿಗೆ ಹೊಳೆದಿತ್ತು. ಹೇಳಲಿಲ್ಲ.

ರಾತ್ರಿ ಅವನಿಂದ ಇದನ್ನು ಕೇಳಿ, “ಹೇಳಬಹುದಿತ್ತಲ್ಲ,” ಎಂದಳು ಹೆಂಡತಿ ಜಮೀಲಾ.

“ಬಹುದಿತ್ತು,” ಎಂದ. ಹೇಳದೆ ಉಳಿಸಿಕೊಂಡದ್ದರಿಂದ ಖುಷಿಯೇನೂ ಆಗಲಿಲ್ಲ.