ಉಸಿರು ಬಿಟ್ಟು ಅಳೆಯಿರಿ

ಬಾಯಿಂದ ಸುಳ್ಳು ಹೇಳಲು ಸ್ವಲ್ಪವಾದರೂ ಧೈರ್ಯ ಬೇಕು. ಹೊಟ್ಟೆಯಿಂದ ಹೇಳಲು ಏನೂ ಬೇಡ. ಎದುರಿಗೆ ಒಂದು ಅಳತೆ ಟೇಪು ಹಿಡಿದರೆ ಸಾಕು, ಅದು ತಾನಾಗಿಯೇ ಒಳಕ್ಕೆ ಸರಿದುಬಿಡುತ್ತದೆ. ಈ ಸತ್ಯ ನನಗೆ ಹೊಳೆದದ್ದು ಐವತ್ತು ದಾಟಿದ ಮೇಲೆ, ಅದೂ ನನ್ನ ವಾರಗಿತ್ತಿ ಜಯಂತಿಯ ದೆಸೆಯಿಂದ.

ಜಯಂತಿ ಯಸಳೂರಿನಲ್ಲಿ ರವಿಕೆ ಹೊಲಿಯುತ್ತಾಳೆ. ಅವಳು ಹೊಲಿದ ರವಿಕೆಯ ಬೆನ್ನು ನೋಡಲೆಂದೇ ಮದುವೆಮನೆಯಲ್ಲಿ ಹಿಂದಿನ ಸಾಲಿಗೆ ಹೋಗಿ ಕೂರುವವರಿದ್ದಾರೆ. ಹೋದ ಸಲ ಕಾಫಿ ಕೊಯ್ಲು ಮುಗಿದ ಮೇಲೆ ಅವಳಿಗೆ ಸಿದ್ಧ ರವಿಕೆಗಳನ್ನು ಆನ್‌ಲೈನಿನಲ್ಲಿ ಮಾರುವ ಆಸೆ ಹುಟ್ಟಿತು. ಫೋಟೊ ತೆಗೆದದ್ದಾಯಿತು, ಬೆಲೆ ಹಾಕಿದ್ದಾಯಿತು. ಆಮೇಲೆ ಫೋನು ‘ಅಳತೆಯ ಪಟ್ಟಿ ಎಲ್ಲಿ?’ ಎಂದು ಕೇಳಿತು.

“ಅಕ್ಕ, ನೀವು ಟೀಚರ್ ಆಗಿದ್ದೋರು. ನೀವೇ ಬರ್ಕೊಟ್ಬಿಡಿ” ಎಂದಳು ಜಯಂತಿ.

ನಾನು ಕಲಿಸುತ್ತಿದ್ದದ್ದು ಕನ್ನಡ. ಯಾವ ಪದವನ್ನು ಕೊಟ್ಟರೂ ಸಂಧಿ ಬಿಡಿಸುತ್ತೇನೆ. ಕಂಕುಳ ಸಂಧಿಯ ಸುತ್ತಳತೆ ನನಗೇನು ಗೊತ್ತು? ಆದರೂ ಹೊಗಳಿಕೆಗೆ ಮಣಿದು ಒಪ್ಪಿಕೊಂಡೆ.

ನಮ್ಮ ಕಡೆ ಅಳತೆ ಕೊಡುವ ಕ್ರಮ ನಿಮಗೆ ಗೊತ್ತೇ ಇದೆ. ಹಳೆಯ ರವಿಕೆಯೊಂದನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, “ಇದಕ್ಕಿಂತ ಒಂಚೂರು ಲೂಸಿರ್ಲಿ, ಒಳಗೆ ಬಟ್ಟೆ ಬಿಟ್ಟಿರು” ಎಂದರೆ ಮುಗಿಯಿತು. ಆ ‘ಒಂಚೂರು’ ಎಂಬುದರಲ್ಲಿ ಎರಡು ಹೆರಿಗೆ, ಒಂದು ಥೈರಾಯ್ಡು, ಲೆಕ್ಕವಿಲ್ಲದಷ್ಟು ಹಬ್ಬದೂಟ ಎಲ್ಲವೂ ಅಡಗಿರುತ್ತವೆ. ಜಯಂತಿಗೆ ಅದು ಅರ್ಥವಾಗುತ್ತದೆ, ಫೋನಿಗೆ ಆಗುವುದಿಲ್ಲ. ಅದಕ್ಕೆ ಎಂ, ಎಲ್, ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಬೇಕು. ಒಂದೊಂದರ ಎದುರಿಗೂ ಎದೆ, ಸೊಂಟ, ತೋಳು ಇಷ್ಟಿಷ್ಟು ಇಂಚು ಎಂದು ಬೇಕು. ಬೇರೆ ಅಂಗಡಿಗಳ ಪಟ್ಟಿ ನೋಡಿ ಇಳಿಸೋಣವೆಂದರೆ ಒಬ್ಬರ ಎಂ ಇನ್ನೊಬ್ಬರ ಎಲ್, ಮತ್ತೊಬ್ಬರ ಎಸ್.

ಕೊನೆಗೆ ನಮ್ಮ ಮಹಿಳಾ ಸಂಘದವರನ್ನೇ ಅಳೆಯುವುದೆಂದು ತೀರ್ಮಾನಿಸಿದೆ. ಸಭೆ ಮುಗಿಸಿ ಎಲ್ಲರೂ ಜಯಂತಿಯ ಮನೆಗೆ ಬಂದರು. ಟೇಪು ಸುತ್ತಿದ ಕೂಡಲೇ ಮಾತು ನಿಂತಿತು. ನಮ್ಮ ಸಂಘದಲ್ಲಿ ಮಾತು ನಿಲ್ಲಿಸುವುದು ಅಧ್ಯಕ್ಷೆಯಿಂದಲೂ ಆಗದ ಕೆಲಸ. ಒಬ್ಬರಂತೂ ಮುಖ ಕೆಂಪಗೆ ಮಾಡಿಕೊಂಡು, “ಬೇಗ ನೋಡ್ರೀ ಟೀಚರ್” ಎಂದು ಹಲ್ಲುಗಳ ಸಂದಿಯಿಂದ ಹೇಳಿದರು. ಕೊನೆಯ ಸರದಿ ನನ್ನದು. ಜಯಂತಿ ಅಳೆದು ಹೇಳಿದ ಅಂಕಿ ಕೇಳಿ ನನಗೆ ಬಹಳ ಸಂತೋಷವಾಯಿತು. ಅದನ್ನು ಬರೆದುಕೊಂಡ ಮೇಲೆ ಉಸಿರು ಬಿಟ್ಟೆ. ಟೇಪು ಜಯಂತಿಯ ಕೈಯಿಂದ ಜಾರಿಹೋಯಿತು.

ಪಟ್ಟಿ ನೋಡಲು ಚೆನ್ನಾಗಿತ್ತು. ರವಿಕೆಗಳು ಹೋದವು, ಹೋದ ದಾರಿಯಲ್ಲೇ ವಾಪಸು ಬಂದವು. ಬಿಗಿ, ಬಿಗಿ, ಬಹಳ ಬಿಗಿ. ಮನುಷ್ಯನ ದೇಹ ಎಂಟು ಗೇಣು ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅವರು ಜಾಣರು. ಅವರವರ ಗೇಣಿಗೆ ಅವರವರು ಎಂಟು. ಯಾರಿಗೂ ಅವಮಾನವಿಲ್ಲ, ಯಾರ ಪಾರ್ಸೆಲ್ಲೂ ವಾಪಸು ಬರುವುದಿಲ್ಲ. ಇಂಚು ಬಂದ ಮೇಲೆ ತಾನೇ ಈ ತಂಟೆಯೆಲ್ಲ ಶುರುವಾದದ್ದು!

ಹೀಗಿರುವಾಗ ಒಂದು ಬೆಳಗ್ಗೆ, ಆನ್‌ಲೈನಿನಲ್ಲಿ ಕೊಂಡ ರವಿಕೆಯನ್ನು ಹಿಂದಿರುಗಿಸಲು ಒಬ್ಬರು ಬಸ್ಸು ಹತ್ತಿಕೊಂಡೇ ಬಂದರು. ಆಲೂರಿನಾಚೆ ಪಾಳ್ಯದ ಸಾಕಮ್ಮ. ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ ಇರುವ ಮನೆಯ ಯಜಮಾನಿ. ಎತ್ತರದ, ಭಾರೀ ಆಳು. ನಾವು ಬೈಗುಳಕ್ಕೆ ಸಿದ್ಧರಾಗಿ ನಿಂತೆವು.

“ಕೈ ಹಾಕ್ದೆ ಕಣವ್ವ, ಮೊಣಕೈ ತಾವ ನಿಂತ್ಬುಡ್ತು” ಎಂದರು ಸಾಕಮ್ಮ. “ಮುಂದಕ್ಕೂ ಹೋಗ್ನಿಲ್ಲ, ಹಿಂದಕ್ಕೂ ಬರ್ನಿಲ್ಲ. ನನ್ ಸೊಸೆ ಎಳೆದು ಬಿಡಿಸಿದ್ಲು. ನಾಳಿದ್ದು ನನ್ ತಂಗಿ ಮಗಳ ನಿಶ್ಚಿತಾರ್ಥ ಐತೆ. ಆ ಮಗೀಗೆ ತಾಯಿಲ್ಲ. ಸಾಕ್ದೋಳೂ ನಾನೇ, ತಟ್ಟೆ ಹಿಡಿಯೋಳೂ ನಾನೇ. ಈಗ ಹೇಳಿ, ಏನ್ ಮಾಡಾನ?”

ಬೈದಿದ್ದರೇ ವಾಸಿಯಿತ್ತು. ಜಯಂತಿ ರವಿಕೆಯನ್ನು ತಿರುವಿ ಹಾಕಿ ಹೊಲಿಗೆ ಬಿಚ್ಚತೊಡಗಿದಳು. ಅಭ್ಯಾಸಬಲದಿಂದ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದಳು, ಬಚಾವು. ನಾನು ಟೇಪು ಹಿಡಿದು ಹೋದೆ. ಸಾಕಮ್ಮ ಮಾತು ನಿಲ್ಲಿಸಲೇ ಇಲ್ಲ. ಗಂಡಿನ ಕಡೆಯವರ ಬಗ್ಗೆ ಹೇಳುತ್ತ ನಕ್ಕರು, ತಂಗಿಯನ್ನು ನೆನೆದು ನಿಟ್ಟುಸಿರು ಬಿಟ್ಟರು. ಟೇಪು ಅವರ ಜೊತೆಗೇ ಹಿಗ್ಗಿ ಕುಗ್ಗುತ್ತಿತ್ತು.

“ಸಾಕಮ್ಮನೋರೆ, ಒಂದು ಗಳಿಗೆ ಸುಮ್ನೆ ನಿಂತ್ಕೊಳ್ಳಿ” ಎಂದೆ.

“ಅಲ್ಲಿ ಸುಮ್ನೆ ನಿಂತ್ರೆ ನಡೀತದಾ? ಬಗ್ಗಬೇಕು, ಏಳ್ಬೇಕು, ಆರತಿ ಎತ್ಬೇಕು, ಉಣ್ಬೇಕು. ಹುಡುಗಿ ಮುಖ ನೋಡಿ ಅಳೂ ಬಂದ್ರೆ ಅಳ್ಬೇಕು. ಅಷ್ಟಕ್ಕೂ ಆಗೋ ಹಂಗೆ ಅಳೀರಿ.”

ಹಾಗೆಯೇ ಅಳೆದೆವು. ಕೈ ಎತ್ತಿಸಿ ಅಳೆದೆವು, ಬಗ್ಗಿಸಿ ಅಳೆದೆವು, ಅಕ್ಕಿರೊಟ್ಟಿ ತಿನ್ನಿಸಿ ಮತ್ತೊಮ್ಮೆ ಅಳೆದೆವು. ಮಧ್ಯಾಹ್ನ ರವಿಕೆ ತೊಟ್ಟು, ಎರಡೂ ಕೈ ಮೇಲೆತ್ತಿ, “ಈಗ ಸರೋಯ್ತು ನೋಡು” ಎಂದು ಸಾಕಮ್ಮ ಬಸ್ಸು ಹಿಡಿದರು.

ಮುಂದಿನ ವಾರ ಸಂಘದವರನ್ನೆಲ್ಲ ಮತ್ತೆ ಕರೆದು, ಊಟ ಹಾಕಿ, ನಗಿಸಿ ಅಳೆದೆ. ಹೊಸ ಪಟ್ಟಿಯ ನೆತ್ತಿಯ ಮೇಲೆ ‘ಉಸಿರು ಬಿಟ್ಟು ಅಳೆಯಿರಿ’ ಎಂದು ದಪ್ಪಕ್ಷರದಲ್ಲಿ ಬರೆದೆ. ರವಿಕೆಗಳು ವಾಪಸು ಬರುವುದು ನಿಂತಿತು. ಏಕೆಂದರೆ ಹೋಗುವುದೇ ನಿಂತಿತು. ಎಲ್ ಎಂದುಕೊಂಡಿದ್ದವರು ಉಸಿರು ಬಿಟ್ಟು ನೋಡಿದರೆ ಎಕ್ಸ್‌ಎಲ್. ಎಕ್ಸ್‌ಎಲ್ ಆಗಿದ್ದವರು ಡಬಲ್ ಎಕ್ಸ್‌ಎಲ್. ಯಾರಿಗೆ ಬೇಕು ಆ ಸತ್ಯ? ಜಯಂತಿ ಅಂಗಡಿ ಮುಚ್ಚುವ ಮಾತಾಡಿದಳು. ನಾನು, ಸತ್ಯಸಂಧಳಾದ ತಪ್ಪಿಗೆ, ಅವಳ ಮುಖ ನೋಡಲಾರದೆ ಓಡಾಡಿದೆ.

ಆಗ ಸಾಕಮ್ಮನ ಫೋನು ಬಂತು. ನಿಶ್ಚಿತಾರ್ಥದಲ್ಲಿ ಅತ್ತದ್ದೂ ಆಯಿತಂತೆ, ಉಂಡದ್ದೂ ಆಯಿತಂತೆ, ಒಂದು ಹೊಲಿಗೆಯೂ ಬಿಡಲಿಲ್ಲವಂತೆ. ಮದುವೆಗೆ ಇನ್ನೊಂದು ರವಿಕೆ ಬೇಕೆಂದರು. ಜಯಂತಿ ಅಳುದನಿಯಲ್ಲಿ ತನ್ನ ಕಷ್ಟ ಹೇಳಿಕೊಂಡಳು.

“ಅಲ್ಲ ಕಣವ್ವ, ನೀವ್ಯಾಕೆ ಹೆಂಗಸ್ರ ಮೇಲೆ ಇಂಟು ಮಾರ್ಕ್ ಹಾಕ್ತೀರಿ?” ಎಂದಿತು ಫೋನು. “ದಪ್ಪ ಇದ್ರೆ ಒಂದು ಇಂಟು, ಇನ್ನೂ ದಪ್ಪ ಇದ್ರೆ ಎರಡು ಇಂಟು. ಪರೀಕ್ಷೇಲಿ ತಪ್ಪು ಬರೆದಂಗೆ! ನಮ್ ಕಾಫಿ ಬೀಜ ನೋಡು. ದಪ್ಪ ಬೀಜಕ್ಕೆ ಡಬಲ್ ಎ ಅಂತ ಮರ್ವಾದಿ ಕೊಡ್ತಾರೆ. ಬೀಜಕ್ಕಿರೋ ಮರ್ವಾದಿ ನಮಗಿಲ್ವಾ?”

ಅಂದೇ ಪಟ್ಟಿ ತಿದ್ದಿದೆ. ಇಂಚುಗಳನ್ನು ಮುಟ್ಟಲಿಲ್ಲ, ಅಕ್ಷರ ಮಾತ್ರ ಬದಲಾಯಿಸಿದೆ: ಎಲ್ಲರಿಗಿಂತ ದೊಡ್ಡದು ಡಬಲ್ ಎ, ಆಮೇಲೆ ಎ, ಬಿ, ಸಿ. ಕೊಡಗು, ಚಿಕ್ಕಮಗಳೂರಿನಿಂದೆಲ್ಲ ಆರ್ಡರು ಬರತೊಡಗಿದವು. ನಮ್ಮ ಸಂಘದ ಅಧ್ಯಕ್ಷೆ ಬಸ್ ನಿಲ್ದಾಣದಲ್ಲಿ ನಾಲ್ಕು ಜನರ ನಡುವೆ, “ನಂದು ಡಬಲ್ ಎ ಕಣ್ರೀ” ಎಂದು ಗಟ್ಟಿಯಾಗಿ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಮೊನ್ನೆ ಜಯಂತಿ ತನಗೇ ಒಂದು ರವಿಕೆ ಹೊಲಿದುಕೊಂಡಳು. ಅವಳು ಮೊದಲಿನಿಂದಲೂ ಕಡ್ಡಿಯಂಥವಳು. ಊಟಕ್ಕೆ ಕೂತಾಗ ಮೆಲ್ಲಗೆ, “ಅಕ್ಕ, ಪಟ್ಟೀಲಿ ನಾನು ಸಿ ಬರ್ತೀನಲ್ಲ, ಅದೇನೋ ಒಂಥರಾ...” ಎಂದಳು.

ಅವಳು ನಮ್ಮ ಮನೆತನಕ್ಕೆ ಸೊಸೆಯಾಗಿ ಬಂದಾಗಿನಿಂದ ಅವಳ ಸೊಂಟ ನೋಡಿ ಹೊಟ್ಟೆ ಉರಿಸಿಕೊಂಡಿದ್ದ ನಾನು, ನನ್ನ ಡಬಲ್ ಎ ತೋಳನ್ನು ಆರಾಮವಾಗಿ ಚಾಚಿ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

“ತಿನ್ನು ಮಾರಾಯ್ತಿ,” ಎಂದೆ, “ಗ್ರೇಡು ತಾನಾಗೇ ಏರ್ತದೆ.”